ಓದಿ ನೋಡದ ಪ್ರತಿ

ಗ್ರಂಥಸಂಪಾದನೆಯ ಪಾಠ ಮಾಡುವಾಗ ಪ್ರತಿವರ್ಷವೂ ನಾನು ವಿದ್ಯಾರ್ಥಿಗಳಿಗೆ ಒಂದು ಮಾತನ್ನು ತಪ್ಪದೆ ಹೇಳುತ್ತೇನೆ: ಸಂಪಾದಕನಾದವನು ಮಾತೃಕೆಯ ಮೇಲೆ ಒಂದು ಗೆರೆಯನ್ನೂ ಎಳೆಯಬಾರದು, ತಿದ್ದುವುದೇನಿದ್ದರೂ ತನ್ನ ಪ್ರತಿಯಲ್ಲಿ ತಿದ್ದಿಕೊಳ್ಳಬೇಕು. ಇಪ್ಪತ್ತಾರು ವರ್ಷಗಳಿಂದ ಹೇಳುತ್ತ ಬಂದ ಈ ನಿಯಮವನ್ನು ಕಳೆದ ವರ್ಷದ ಆಷಾಢದಲ್ಲಿ ನಾನೇ ಮುರಿದೆ. ಮುರಿದದ್ದು ನನ್ನ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯ ಮೇಲೆ. ನಷ್ಟವಾದದ್ದು ಮಾತ್ರ ಓಲೆಗರಿಯ ಪಾಠ. ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಕಂಪ್ಯೂಟರಿನಲ್ಲಿ ತುಂಬಿಕೊಂಡು ಕೆಲಸ ಮಾಡುತ್ತಿರುವ ಸಂಶೋಧನ ವಿದ್ಯಾರ್ಥಿಗಳಿಗೆ ಈ ಅನುಭವದಿಂದ ಏನಾದರೂ ಉಪಯೋಗವಾದೀತೆಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಕರಾವಳಿಯ ಒಂದು ಹಳೆಯ ಮನೆಯಲ್ಲಿ 142 ಗರಿಗಳ ಒಂದು ಓಲೆಕಟ್ಟು ಇತ್ತು. ಸಾಂಗತ್ಯದಲ್ಲಿರುವ ಒಂದು ಚರಿತೆ. ಕರ್ತೃವಿನ ಹೆಸರಿಲ್ಲ, ಬೇರೆ ಪ್ರತಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೇ ತಿಂಗಳ ರಜೆಯಲ್ಲಿ ನಾಲ್ಕು ದಿನ ಅಲ್ಲಿ ಕುಳಿತು ಎರಡೂ ಮಗ್ಗುಲು ಸೇರಿ 284 ಚಿತ್ರಗಳನ್ನು ತೆಗೆದುಕೊಂಡೆ. ಮನೆಗೆ ಬಂದು ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಸಾಗಿಸಿದೆ. ಮರುವಾರ ಬಂಧುಗಳ ಮನೆಯ ಮದುವೆಯಿತ್ತು. ಕ್ಯಾಮೆರಾದ ಕಾರ್ಡನ್ನು ಅಳಿಸಿ ಅದಕ್ಕೆ ಸಿದ್ಧಮಾಡಿದೆ. ‘ಬ್ಯಾಕಪ್ ಇದೆ’ ಎಂಬ ನೆಮ್ಮದಿ ಮನಸ್ಸಿನಲ್ಲಿತ್ತು. ಇದ್ದದ್ದೂ ಸುಳ್ಳಲ್ಲ. ಮಾರ್ಚ್ ತಿಂಗಳಲ್ಲಿ ಲ್ಯಾಪ್‌ಟಾಪಿನ ಇಡೀ ಡಿಸ್ಕಿನ ಇಮೇಜನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಉಳಿಸಿ, ಅದನ್ನು ಗೋದ್ರೆಜ್ ಬೀರುವಿನಲ್ಲಿ ಇಟ್ಟಿದ್ದೆ. ಆ ಇಮೇಜು ಮಾರ್ಚ್ ತಿಂಗಳದು, ಮೇ ತಿಂಗಳ ಕೆಲಸ ಅದರೊಳಗೆ ತಾನಾಗಿ ಹೋಗಿ ಸೇರುವುದಿಲ್ಲ ಎಂಬ ಸರಳ ಸಂಗತಿ ನನಗೆ ಹೊಳೆಯಲಿಲ್ಲ.

ಜುಲೈ ತಿಂಗಳ ಒಂದು ರಾತ್ರಿ ವಿದ್ಯುತ್ತು ಹೋಗಿ ಬಂದು ಮಾಡಿದ ಮೇಲೆ ಲ್ಯಾಪ್‌ಟಾಪು ವಿಂಡೋಸ್ ತೆರೆಯಲು ನಿರಾಕರಿಸಿತು. ಪೆನ್‌ಡ್ರೈವಿನಿಂದ ಯಂತ್ರವನ್ನು ಚಾಲೂ ಮಾಡಿ, ಬೀರುವಿನಲ್ಲಿದ್ದ ಇಮೇಜನ್ನು ಅದೇ ಎಸ್‌ಎಸ್‌ಡಿಗೆ ರಿಸ್ಟೋರ್ ಮಾಡಲು ಕುಳಿತೆ. ಗುರಿಯಾದ ಡಿಸ್ಕಿನಲ್ಲಿರುವುದೆಲ್ಲವೂ ಅಳಿಸಿಹೋಗುತ್ತದೆ ಎಂದು ತಂತ್ರಾಂಶ ಒಂದು ಸಲವಲ್ಲ, ಎರಡು ಸಲ ಎಚ್ಚರಿಸಿತು. ಇಂಥ ಎಚ್ಚರಿಕೆಗಳಿಗೆ ಒಪ್ಪಿಗೆ ಕೊಟ್ಟು ಮುಂದೆ ಹೋಗುವುದೇ ನಮ್ಮೆಲ್ಲರ ಅಭ್ಯಾಸ. ಮುಕ್ಕಾಲು ಗಂಟೆಯಲ್ಲಿ ಯಂತ್ರ ಮೊದಲಿನಂತೆ ಎದ್ದು ನಿಂತಿತು. ಮಾರ್ಚ್ ತಿಂಗಳ ಪ್ರಶ್ನಪತ್ರಿಕೆಯ ಕರಡು ಕೂಡ ಮೇಜಿನ ಮೇಲೆ ಇಟ್ಟಂತೆ ತೆರೆಯ ಮೇಲೆ ಇತ್ತು. ಬಹಳ ಹೆಮ್ಮೆಯಾಯಿತು. ಹತ್ತು ದಿನ ಕಾಲೇಜಿನ ಕೆಲಸಗಳನ್ನೆಲ್ಲ ಅದರಲ್ಲಿಯೇ ಮಾಡಿದೆ. ಹನ್ನೊಂದನೆಯ ದಿನ ಸಾಂಗತ್ಯದ ಲಿಪ್ಯಂತರಕ್ಕೆಂದು ಚಿತ್ರಗಳನ್ನು ಹುಡುಕಿದಾಗ ಆ ಫೋಲ್ಡರೇ ಇರಲಿಲ್ಲ.

ಡಿಸ್ಕ್ ಇಮೇಜು ಎಂದರೇನು ಎಂಬುದನ್ನು ಆಗ ತಿಳಿದುಕೊಂಡೆ. ಬೇಕಾದ ಕಡತಗಳನ್ನು ಆರಿಸಿ ನಕಲು ಮಾಡಿಕೊಳ್ಳುವುದು ಆಯ್ದ ಪದ್ಯಗಳ ಸಂಕಲನವಿದ್ದಂತೆ. ಇಮೇಜು ಹಾಗಲ್ಲ, ಡಿಸ್ಕಿನ ವಿಭಾಗಗಳು, ವಿಭಾಗಗಳ ಪಟ್ಟಿ, ಯಂತ್ರವನ್ನು ಎಬ್ಬಿಸುವ ಭಾಗ, ಕಾರ್ಯಾಚರಣ ವ್ಯವಸ್ಥೆ, ಕಡತಗಳು, ಎಲ್ಲವನ್ನೂ ಇದ್ದ ಸ್ಥಾನದಲ್ಲಿ ಇದ್ದಂತೆಯೇ ಹಿಡಿದಿಡುವ ಪ್ರತಿ ಅದು. ಕೆಲವು ತಂತ್ರಾಂಶಗಳು ಖಾಲಿ ಜಾಗವನ್ನೂ ಬಿಡದೆ ನಕಲು ಮಾಡುತ್ತವೆ. ಕ್ಲೋನ್‌ಜಿಲ್ಲಾದಂಥವು ಸಾಮಾನ್ಯವಾಗಿ ಬಳಕೆಯಲ್ಲಿರುವ ಭಾಗಗಳನ್ನಷ್ಟೇ ತೆಗೆದುಕೊಳ್ಳುತ್ತವೆ. ಮೂಲದಲ್ಲಿ ಕಂಡಂತೆ ಬರೆದಿದ್ದೇನೆ, ದೋಷವಿದ್ದರೆ ನನ್ನನ್ನು ದೂರಬೇಡಿ ಎಂದು ಕೊನೆಯಲ್ಲಿ ಬಿನ್ನವಿಸಿಕೊಳ್ಳುವ ಪ್ರತಿಕಾರರನ್ನು ನಾವು ಬಲ್ಲೆವು. ಇಮೇಜಿನ ಸ್ವಭಾವವೂ ಅದೇ. ಮೂಲದಲ್ಲಿ ವೈರಸ್ ಇದ್ದರೆ ಅದೂ ಬರುತ್ತದೆ, ಕೆಟ್ಟ ಕಡತ ಕೆಟ್ಟಂತೆಯೇ ಬರುತ್ತದೆ. ರಿಸ್ಟೋರ್ ಮಾಡಿದಾಗ ಆ ದಿನದ ಡಿಸ್ಕು ಮರಳಿ ಬರುತ್ತದೆ. ಆ ದಿನದ ನಂತರದ್ದೆಲ್ಲ ಹೋಗುತ್ತದೆ. ಹೊಸದನ್ನು ಹಳೆಯದರೊಡನೆ ಕೂಡಿಸುವ ವಿವೇಕ ಅದಕ್ಕಿಲ್ಲ. ಆ ಹೊಣೆ ಸಂಪಾದಕನದು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಸೋದರಳಿಯನಿಗೆ ಫೋನು ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವನು ಮೊದಲು ಕೇಳಿದ್ದು, “ಮಾವ, ಇದ್ದ ಡಿಸ್ಕಿನ ಮೇಲೆಯೇ ಯಾಕೆ ರಿಸ್ಟೋರ್ ಮಾಡಿದ್ರಿ? ಬೇರೆ ಡಿಸ್ಕ್ ಹಾಕಿ ಮಾಡಬಹುದಿತ್ತಲ್ಲ?” ನನ್ನ ತರಗತಿಯ ಮಾತೇ ನನಗೆ ತಿರುಗಿ ಬಂದಿತ್ತು. ಕೆಟ್ಟ ಡಿಸ್ಕೇ ಮಾತೃಕೆ. ವಿಂಡೋಸ್ ತೆರೆಯದಿದ್ದರೂ ಚಿತ್ರಗಳು ಅದರೊಳಗೆ ಸುರಕ್ಷಿತವಾಗಿಯೇ ಇದ್ದಿರಬೇಕು. ಅದನ್ನು ತೆಗೆದು ಪಕ್ಕಕ್ಕಿಟ್ಟು, ಇಮೇಜನ್ನು ಹೊಸ ಡಿಸ್ಕಿಗೆ ಇಳಿಸಿದ್ದರೆ, ಆಮೇಲೆ ಹಳೆಯದನ್ನು ಒಂದು ಯುಎಸ್‌ಬಿ ಪೆಟ್ಟಿಗೆಯಲ್ಲಿ ಜೋಡಿಸಿ ಚಿತ್ರಗಳನ್ನು ಎತ್ತಿಕೊಳ್ಳಬಹುದಿತ್ತು. ನಾನು ಮಾಡಿದ್ದು ಮಾತೃಕೆಯನ್ನೇ ಕೆರೆದು ಅದರ ಮೇಲೆ ಹಳೆಯ ಪ್ರತಿಯನ್ನು ಬರೆದ ಕೆಲಸ.

“ಅಳಿಸಿದ್ದನ್ನು ಮರಳಿ ಪಡೆಯುವ ತಂತ್ರಾಂಶಗಳಿವೆಯಲ್ಲ?” ಎಂದು ಕೇಳಿದೆ. ಹಿಂದೊಮ್ಮೆ ಹಳೆಯ ಹಾರ್ಡ್ ಡಿಸ್ಕಿನಿಂದ ಅಳಿದ ಲೇಖನವೊಂದನ್ನು ಹಾಗೆ ಪಡೆದಿದ್ದೆ. “ಅದು ಹಾರ್ಡ್ ಡಿಸ್ಕ್, ಮಾವ. ಇದು ಎಸ್‌ಎಸ್‌ಡಿ. ಹತ್ತು ದಿನ ಬೇರೆ ಬಳಸಿದ್ದೀರಿ. ಆಸೆ ಇಟ್ಕೋಬೇಡಿ” ಎಂದ. ಆಸೆ ಬಿಡದೆ ಅಂಗಡಿಗೆ ಒಯ್ದು ಪರೀಕ್ಷಿಸಿದೆ. ಒಂದು ಚಿತ್ರವೂ ಸಿಗಲಿಲ್ಲ.

ಈ ವ್ಯತ್ಯಾಸ ಹಸ್ತಪ್ರತಿಶಾಸ್ತ್ರದ ವಿದ್ಯಾರ್ಥಿಗೆ ಕುತೂಹಲಕರವಾದದ್ದು. ಪಶ್ಚಿಮದ ಚರ್ಮಪತ್ರಗಳಲ್ಲಿ ಹಳೆಯ ಬರಹವನ್ನು ಕೆರೆದು ಹೊಸದನ್ನು ಬರೆಯುತ್ತಿದ್ದರು. ಅಡಿಯ ಅಕ್ಷರದ ಮಸುಕು ಉಳಿದಿರುತ್ತಿತ್ತು, ವಿದ್ವಾಂಸರು ಅದನ್ನು ಓದಿದ್ದಾರೆ. ಹಾರ್ಡ್ ಡಿಸ್ಕಿನಲ್ಲಿಯೂ ಸರಿಸುಮಾರು ಅದೇ ಸ್ಥಿತಿ. ಕಡತವನ್ನು ಅಳಿಸಿದಾಗ ಪಟ್ಟಿಯಿಂದ ಅದರ ಹೆಸರು ಹೋಗುತ್ತದೆ. ಬೇರೊಂದು ಬರಹ ಅದೇ ಜಾಗಕ್ಕೆ ಬರುವವರೆಗೆ ಒಳಗಿನ ಪಾಠ ಉಳಿದಿರುತ್ತದೆ. ಎಸ್‌ಎಸ್‌ಡಿಯ ಕ್ರಮವೇ ಬೇರೆ. ಅದನ್ನು ಅರ್ಥಮಾಡಿಕೊಳ್ಳಲು ನಾನು ಒಂದು ಸ್ಲೇಟಿನ ಕಟ್ಟನ್ನು ಕಲ್ಪಿಸಿಕೊಂಡೆ. ಪ್ರತಿ ಸ್ಲೇಟಿನಲ್ಲಿ ನೂರಾರು ಸಾಲುಗಳಿವೆ. ಒಂದೊಂದೇ ಸಾಲು ಬರೆಯಬಹುದು. ಆದರೆ ಅಳಿಸುವುದಾದರೆ ಇಡೀ ಸ್ಲೇಟನ್ನೇ ಅಳಿಸಬೇಕು. ಬರೆದ ಸಾಲಿನ ಮೇಲೆ ಮತ್ತೆ ಬರೆಯುವಂತಿಲ್ಲ. ಒಂದು ಸಾಲು ಬದಲಾಗಬೇಕೆಂದರೆ ಹೊಸ ಸಾಲನ್ನು ಇನ್ನೊಂದು ಸ್ಲೇಟಿನಲ್ಲಿ ಬರೆದು, ಹಳೆಯದನ್ನು ನಿರುಪಯುಕ್ತವೆಂದು ಗುರುತಿಸಬೇಕು. ಮುಂದೆ ಬಿಡುವು ಸಿಕ್ಕಾಗ, ಆ ಸ್ಲೇಟಿನಲ್ಲಿ ಉಳಿದ ಒಳ್ಳೆಯ ಸಾಲುಗಳನ್ನು ಬೇರೆಡೆಗೆ ಸಾಗಿಸಿ ಇಡಿಯಾಗಿ ಒರೆಸಬೇಕು. ಪ್ರತಿಯೊಂದು ಸ್ಲೇಟೂ ತಾಳುವ ಒರೆಸುವಿಕೆಗೆ ಮಿತಿಯಿದೆ. ಆದ್ದರಿಂದ ಒಂದೇ ಸ್ಲೇಟು ಸವೆಯದಂತೆ ಎಲ್ಲವನ್ನೂ ಸರದಿಯಲ್ಲಿ ಬಳಸಬೇಕು. ಈ ವ್ಯವಹಾರವನ್ನೆಲ್ಲ ಎಸ್‌ಎಸ್‌ಡಿಯೊಳಗಿನ ಕಂಟ್ರೋಲರ್ ನೋಡಿಕೊಳ್ಳುತ್ತದೆ. ಯಾವ ಸಾಲುಗಳು ಇನ್ನು ಬೇಡವೆಂಬುದನ್ನು ಕಾರ್ಯಾಚರಣ ವ್ಯವಸ್ಥೆ ಅದಕ್ಕೆ ತಿಳಿಸುವ ಆಜ್ಞೆಯ ಹೆಸರು ಟ್ರಿಮ್. ವಿಂಡೋಸ್ ಸಾಮಾನ್ಯವಾಗಿ ವಾರಕ್ಕೊಮ್ಮೆ ಖಾಲಿ ಜಾಗವನ್ನೆಲ್ಲ ಹೀಗೆ ತಿಳಿಸಿ ಶುದ್ಧಗೊಳಿಸುತ್ತದೆ. ನಾನು ನಿಶ್ಚಿಂತೆಯಿಂದ ಬಳಸಿದ ಆ ಹತ್ತು ದಿನಗಳಲ್ಲಿ, ಇಮೇಜಿನ ಕೆಳಗೆ ಅಳಿದುಳಿದದ್ದೂ ಹೋಗಿರಬೇಕು.

ಅಳಿಯನ ಸಲಹೆಯಂತೆ 512 ಜಿಬಿಯ ಹೊಸ ಎಸ್‌ಎಸ್‌ಡಿಯನ್ನು ತರಿಸಿದೆ. ಹಳೆಯದು 256 ಜಿಬಿ, ತುಂಬಿ ತುಳುಕುತ್ತಿತ್ತು. ಈ ಸಲ ಹಳೆಯದನ್ನು ಹೊರತೆಗೆದಿಟ್ಟು ಇಮೇಜನ್ನು ಹೊಸದಕ್ಕೆ ಇಳಿಸಿದೆವು. ಚಿಕ್ಕ ಡಿಸ್ಕಿನ ಇಮೇಜು ದೊಡ್ಡದಕ್ಕೆ ಸಲೀಸಾಗಿ ಇಳಿಯುತ್ತದೆ. ದೊಡ್ಡದರದು ಚಿಕ್ಕದಕ್ಕೆ ಇಳಿಯಬೇಕಾದರೆ ತೊಡಕುಗಳಿವೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದರೆ ಒಂದು ವಿಚಿತ್ರ ಕಂಡಿತು. ಹೊಸ ಡಿಸ್ಕಿನ ಒಟ್ಟು ಅಳತೆ ಸುಮಾರು 476 ಜಿಬಿ ಎಂದಿತ್ತು. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆದದ್ದನ್ನು ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುವುದರಿಂದ ಈ ಅಂತರ. ಅದರಲ್ಲಿ 238 ಜಿಬಿಯಷ್ಟು ಹಳೆಯ ಡಿಸ್ಕಿನ ರೂಪ ಹಾಗೆಯೇ ಮೂಡಿತ್ತು. ಉಳಿದರ್ಧದ ಮೇಲೆ ಕಪ್ಪು ಪಟ್ಟಿ, ಅದರ ಕೆಳಗೆ ‘ಅನ್‌ಅಲೊಕೇಟೆಡ್’ ಎಂಬ ಬರಹ. ಯಾವ ವಿಭಾಗಕ್ಕೂ ಹಂಚಿಕೆಯಾಗದ ಜಾಗವದು. ಹಣ ಕೊಟ್ಟು ಕೊಂಡ ಅರ್ಧ ಡಿಸ್ಕು ಬರಿದಾಗಿರುವುದು ನನಗೆ ಸಹನೆಯಾಗಲಿಲ್ಲ.

ಸಿ ಡ್ರೈವಿನ ಮೇಲೆ ಬಲಗುಂಡಿಯೊತ್ತಿ ‘ಎಕ್ಸ್‌ಟೆಂಡ್’ ಮಾಡಹೊರಟರೆ ಆ ಆಯ್ಕೆ ಮಸುಕಾಗಿತ್ತು. ಕಾರಣ ಸರಳ. ಒಂದು ವಿಭಾಗವನ್ನು ವಿಂಡೋಸ್ ಈ ರೀತಿ ಹಿಗ್ಗಿಸಬೇಕಾದರೆ ಖಾಲಿ ಜಾಗ ಅದರ ಬಲಕ್ಕೆ ಅಂಟಿಕೊಂಡೇ ಇರಬೇಕು. ನಮ್ಮ ಡಿಸ್ಕಿನಲ್ಲಿ ಮೊದಲು ಯಂತ್ರವನ್ನು ಎಬ್ಬಿಸುವ ಚಿಕ್ಕ ಇಎಫ್‌ಐ ವಿಭಾಗ, ಆಮೇಲೆ ಸಿ ಡ್ರೈವು, ಅದರ ಬೆನ್ನಿಗೆ ರಿಕವರಿ ವಿಭಾಗ, ಅನಂತರ ಖಾಲಿ ಜಾಗ. ನಡುವೆ ಅಡ್ಡವಾಗಿ ನಿಂತ ರಿಕವರಿ ವಿಭಾಗವನ್ನು ಬಲಕ್ಕೆ ಸರಿಸಿದ ಹೊರತು ದಾರಿಯಿಲ್ಲ. ಅಳಿಸಿಬಿಡಿ ಎನ್ನುವವರೂ ಇದ್ದಾರೆ, ಅದು ಆಪತ್ಕಾಲದ ಬಾಗಿಲನ್ನು ಕಿತ್ತಂತೆ. ಜಿಪಾರ್ಟೆಡ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ನಡೆಸಿ ಅದನ್ನು ಸರಿಸಿದೆವು. ಆಗ ಇನ್ನೊಂದು ಸಂಗತಿ ತಿಳಿಯಿತು. ಈಗಿನ ಜಿಪಿಟಿ ಕ್ರಮದ ಡಿಸ್ಕುಗಳಲ್ಲಿ ವಿಭಾಗಗಳ ಪಟ್ಟಿ ಮೊದಲಲ್ಲಿಯೂ ಇರುತ್ತದೆ, ಅದರದೇ ಇನ್ನೊಂದು ಪ್ರತಿ ಡಿಸ್ಕಿನ ಕಟ್ಟಕಡೆಯಲ್ಲಿಯೂ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ಆಧಾರ. ಮೊದಲ ಗರಿ ಮುರಿದು ಕೃತಿಯ ಹೆಸರು ಹೋದಾಗ ನಾವು ಪುಷ್ಪಿಕೆಯನ್ನು ಹುಡುಕುವುದಿಲ್ಲವೇ, ಹಾಗೆ. ಚಿಕ್ಕ ಡಿಸ್ಕನ್ನು ದೊಡ್ಡದಕ್ಕೆ ಇದ್ದಂತೆಯೇ ಇಳಿಸಿದಾಗ ಆ ಕೊನೆಯ ಪಟ್ಟಿ ನಡುದಾರಿಯಲ್ಲಿ ಉಳಿದುಬಿಡಬಹುದು. ಅದನ್ನು ನಿಜವಾದ ಕೊನೆಗೆ ಸಾಗಿಸಬೇಕು.

ಸಿ ಡ್ರೈವನ್ನು ಕೊನೆಯ ಅಂಗುಲದವರೆಗೂ ಹಿಗ್ಗಿಸಬೇಕೆಂಬುದು ನನ್ನ ಇಚ್ಛೆ. ಅಳಿಯ ತಡೆದ. “ಐವತ್ತು ಜಿಬಿ ಹಾಗೇ ಬಿಡಿ, ಮಾವ. ಅದೇನೂ ದಂಡವಲ್ಲ.” ಸ್ಲೇಟುಗಳ ಲೆಕ್ಕ ಇಲ್ಲಿ ಮತ್ತೆ ಬರುತ್ತದೆ. ಬರೆಯಲು, ಸಾಗಿಸಲು, ಒರೆಸಲು ಕಂಟ್ರೋಲರಿಗೆ ಯಾವಾಗಲೂ ಕೆಲವು ಶುದ್ಧ ಸ್ಲೇಟುಗಳು ಬೇಕು. ಅದಕ್ಕಾಗಿಯೇ ತಯಾರಕರು ಒಂದಷ್ಟು ಜಾಗವನ್ನು ನಮಗೆ ತೋರಿಸದೆ ಒಳಗೆ ಕಾದಿರಿಸುತ್ತಾರೆ. ಸಾವಿರದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ಶೇಕಡಾ 7ರಷ್ಟು ಅಂತರ ಅನೇಕ ಎಸ್‌ಎಸ್‌ಡಿಗಳಲ್ಲಿ ಹೀಗೆ ಉಪಯೋಗಕ್ಕೆ ಬರುತ್ತದೆ. ನಾವು ಹಂಚದೆ ಬಿಟ್ಟ ಜಾಗ ಅದಕ್ಕೆ ಕೂಡುತ್ತದೆ. ಡಿಸ್ಕು ತುಂಬಿಹೋದಾಗ ಒಂದು ಸಾಲು ಬರೆಯುವುದಕ್ಕೆ ಹತ್ತು ಸಾಲುಗಳನ್ನು ಎತ್ತಿಡಬೇಕಾಗಿ ಬರಹ ನಿಧಾನವಾಗುತ್ತದೆ, ಸವೆತ ಹೆಚ್ಚುತ್ತದೆ. ಆದರೆ ಎರಡು ಮಾತುಗಳನ್ನು ಮರೆಯಬಾರದು. ಹಿಂದೊಮ್ಮೆ ಬರೆದು ಆಮೇಲೆ ವಿಭಾಗವನ್ನಷ್ಟೇ ಅಳಿಸಿದ ಜಾಗವನ್ನು, ಟ್ರಿಮ್ ಆಗದ ಹೊರತು, ಕಂಟ್ರೋಲರು ಖಾಲಿಯೆಂದು ತಿಳಿಯುವುದಿಲ್ಲ. ಸಿ ಡ್ರೈವಿನೊಳಗೇ ಸಾಕಷ್ಟು ಖಾಲಿ ಉಳಿಸಿಕೊಂಡು ಟ್ರಿಮ್ ನಡೆಯುತ್ತಿದ್ದರೆ ಅದರಿಂದಲೂ ಇದೇ ಪ್ರಯೋಜನ ದೊರೆಯುತ್ತದೆ. ಹಾಗಿದ್ದರೂ ಹಂಚದ ಜಾಗ ಒಳ್ಳೆಯದು, ಏಕೆಂದರೆ ಅದು ನನ್ನಂಥವರ ಕೈಗೆ ಸಿಗುವುದಿಲ್ಲ. ಸಿಕ್ಕಿದ್ದರೆ ಇಷ್ಟರಲ್ಲಿ ತುಂಬಿರುತ್ತಿದ್ದೆ.

ಇದನ್ನು ಕೇಳುತ್ತಿದ್ದಾಗ ಓಲೆಗರಿ ನೆನಪಿಗೆ ಬಂತು. ಬಳಪದಷ್ಟೂ ಜಾಗ ಬಿಡದೆ ಒತ್ತೊತ್ತಾಗಿ ಕೊರೆದ ಗರಿಯಲ್ಲಿಯೂ ದಾರ ಪೋಣಿಸುವ ರಂಧ್ರದ ಸುತ್ತ ಒಂದು ಚೌಕ ಖಾಲಿ ಇರುತ್ತದೆ. ಎರಡು ತುದಿಗಳಲ್ಲಿಯೂ ಅಂಚು ಬಿಟ್ಟಿರುತ್ತಾರೆ. ದಾರ ಉಜ್ಜಿ ರಂಧ್ರ ಹಿರಿದಾದರೂ, ತುದಿ ಪುಡಿಯಾದರೂ ಅಕ್ಷರ ಉಳಿಯಲೆಂಬ ಮುಂದಾಲೋಚನೆ ಅದು. ಗರಿ ಸಿಗುವುದು ಸುಲಭವಲ್ಲದ ಕಾಲದಲ್ಲಿಯೂ ಪ್ರತಿಕಾರ ಆ ಜಾಗದ ಮೇಲೆ ಆಸೆಪಡಲಿಲ್ಲ.

ದಸರಾ ರಜೆಯಲ್ಲಿ ಮತ್ತೆ ಆ ಮನೆಗೆ ಹೋದೆ. ಬಂದ ಕಾರಣವನ್ನು ಹೇಳುವುದಕ್ಕೆ ನಾಲಗೆ ತಡವರಿಸಿತು. ಮನೆಯ ಹಿರಿಯಮ್ಮ ನಕ್ಕರು. “ಅದಕ್ಕೇನು ಮಾಸ್ಟ್ರೇ, ಇನ್ನೊಮ್ಮೆ ತೆಗೆಯಿರಿ. ಕಟ್ಟು ಅಟ್ಟದಲ್ಲಿ ಉಂಟು. ಫೋಟೋ ನಿಮ್ಮಲ್ಲಿ ಉಂಟಲ್ಲ ಅಂತ ನಾವು ಮತ್ತೆ ಅಷ್ಟು ನೋಡ್ಲಿಕ್ಕೆ ಹೋಗಲಿಲ್ಲ” ಎಂದರು. ಮೊದಲು ದೇವರ ಕೋಣೆಯ ಪೆಟ್ಟಿಗೆಯಲ್ಲಿದ್ದ ಕಟ್ಟು ಅಟ್ಟಕ್ಕೆ ಹೋದದ್ದು ನನ್ನ ಚಿತ್ರಗಳ ಭರವಸೆಯಿಂದ. ಆ ಮಳೆಗಾಲದಲ್ಲಿ ಹೆಂಚು ಸೋರಿತ್ತು. 61, 62, 63ನೆಯ ಗರಿಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ರಂಧ್ರದ ಬಳಿ ಮುರಿದು, ಬಲಭಾಗದ ಅಕ್ಷರಗಳು ಓದಲಾರದಷ್ಟು ಕೊಳೆತಿದ್ದವು. 62ನೆಯ ಗರಿಯ ಪಾಠ ಮಾತ್ರ ನನ್ನಲ್ಲಿ ಉಳಿದಿತ್ತು. ಅದರಲ್ಲಿದ್ದ ಒಂದು ಅಪರೂಪದ ಶಬ್ದಕ್ಕಾಗಿ ಮೇ ತಿಂಗಳಲ್ಲಿ ಅಲ್ಲಿಯೇ ಕುಳಿತು ಇಡೀ ಗರಿಯನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ. ಉಳಿದ ಎರಡು ಗರಿಗಳಲ್ಲಿ 17 ಪದ್ಯಗಳು ಅರೆಬರೆಯಾಗಿವೆ.

ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಾವು ದಾನದ ಮಹಿಮೆಯಾಗಿ ಪಾಠ ಮಾಡುತ್ತೇವೆ. ಈಗ ನನಗೆ ಅದರಲ್ಲಿ ‘ಹಂಚಿದಳು’ ಎಂಬ ಮಾತು ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಸಾವಿರ ಪ್ರತಿಗಳೂ ಒಂದೇ ಮನೆಯಲ್ಲಿದ್ದಿದ್ದರೆ ಒಂದು ಬೆಂಕಿ ಸಾಕಾಗಿತ್ತು. ಹಂಚಿದ ಪ್ರತಿ ಓದುಗರ ಕೈ ಸೇರುತ್ತದೆ. ಓದಿದಾಗಲೇ ಅದು ನೆಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ. ಬೀರುವಿನಲ್ಲಿದ್ದ ನನ್ನ ಇಮೇಜನ್ನು ನಾಲ್ಕು ತಿಂಗಳು ಯಾರೂ ಓದಲಿಲ್ಲ. ಒಮ್ಮೆ ತೆರೆದು ನೋಡಿದ್ದರೂ ಅದರಲ್ಲಿ ಮೇ ತಿಂಗಳಿಲ್ಲವೆಂಬುದು ಗೊತ್ತಾಗುತ್ತಿತ್ತು.

ಈಗ ನನ್ನ ಕ್ರಮ ಹೀಗಿದೆ. ಚಿತ್ರಗಳ ಮೂರು ಪ್ರತಿಗಳು. ಅವು ಎರಡು ಬಗೆಯ ಮಾಧ್ಯಮಗಳಲ್ಲಿ. ಒಂದು ಬೇರೆ ಊರಿನಲ್ಲಿ, ಅಳಿಯನ ಮನೆಯಲ್ಲಿ. ಬೀರುವಿನಲ್ಲಿ ಇಡುವುದು ಹಾರ್ಡ್ ಡಿಸ್ಕನ್ನೇ. ವಿದ್ಯುತ್ತಿಲ್ಲದೆ ಬಹುಕಾಲ ಬಿದ್ದಿರುವ ಎಸ್‌ಎಸ್‌ಡಿ, ಅದರಲ್ಲಿಯೂ ಸವೆದದ್ದು, ತನ್ನೊಳಗಿನ ಬರಹವನ್ನು ಕ್ರಮೇಣ ಕಳೆದುಕೊಳ್ಳಬಹುದು. ಇಮೇಜಿನ ಹೆಸರಿನಲ್ಲಿಯೇ ತಾರೀಖು ಇರುತ್ತದೆ. ಪ್ರತಿಯೊಂದು ಫೋಲ್ಡರಿಗೂ ಚೆಕ್‌ಸಮ್ ಎಂಬ ಸಂಖ್ಯೆಯನ್ನು ತೆಗೆದು ಬರೆದಿಡುತ್ತೇನೆ. ಒಂದು ಬಿಂದು ಬದಲಾದರೂ ಆ ಸಂಖ್ಯೆ ತಾಳೆಯಾಗದು. ಮೂವತ್ತೆರಡು ಅಕ್ಷರಕ್ಕೆ ಒಂದರಂತೆ ಎಣಿಸಿ ಹಸ್ತಪ್ರತಿಯ ಕೊನೆಯಲ್ಲಿ ಗ್ರಂಥಾಗ್ರವನ್ನು ನಮೂದಿಸುತ್ತಿದ್ದ ಲಿಪಿಕಾರರಿಗೆ ಇದರ ಅರ್ಥವನ್ನು ಹೇಳಿಕೊಡಬೇಕಾಗಿರಲಿಲ್ಲ. ವರ್ಷಕ್ಕೆರಡು ಸಲ ಇಮೇಜನ್ನು ಬೇರೆ ಡಿಸ್ಕೊಂದಕ್ಕೆ ಇಳಿಸಿ, ಯಂತ್ರವನ್ನು ಅದರಿಂದಲೇ ಚಾಲೂ ಮಾಡಿ, ನಾಲ್ಕು ಕಡತಗಳನ್ನು ತೆರೆದು ಓದುತ್ತೇನೆ. ಸಂಶೋಧನ ವಿದ್ಯಾರ್ಥಿಗಳಿಗೂ ಇದನ್ನು ಮಾಡಿ ತೋರಿಸುತ್ತೇನೆ.

ಸಾಂಗತ್ಯದ ಸಂಪಾದನೆ ಮುಗಿಯುತ್ತ ಬಂದಿದೆ. 61 ಮತ್ತು 63ನೆಯ ಗರಿಗಳ ಪಾಠ ಬರುವಲ್ಲಿ ಚುಕ್ಕಿಗಳನ್ನಿಟ್ಟು, ಗ್ರಂಥಪಾತವೆಂದು ಅಡಿಟಿಪ್ಪಣಿ ಕೊಟ್ಟಿದ್ದೇನೆ. ಊಹಿಸಿ ತುಂಬುವ ಮನಸ್ಸಾದ ಕಡೆಗಳೂ ಇದ್ದವು, ಬಿಟ್ಟಿದ್ದೇನೆ. ಪೀಠಿಕೆಗಳಲ್ಲಿ ಗ್ರಂಥಪಾತಕ್ಕೆ ಕಾರಣವಾಗಿ ಗೆದ್ದಲು, ಹುಳು, ಕಾಲ ಇವುಗಳನ್ನು ಹೆಸರಿಸುವುದು ರೂಢಿ. ಈ ಪೀಠಿಕೆಯಲ್ಲಿ, ಆ ವರ್ಷದ ಮೇ ತಿಂಗಳಲ್ಲಿ ಈ ಪಾಠ ಪೂರ್ಣವಾಗಿತ್ತೆಂದೂ ಸಂಪಾದಕನ ಅಜಾಗರೂಕತೆಯಿಂದ ಅದು ನಷ್ಟವಾಯಿತೆಂದೂ ಬರೆದಿದ್ದೇನೆ.